ನಿಂತು ದುಡಿಯುವವಳ ಅಂಗಾಲು

ನನ್ನ ಹೆಂಡತಿ ಕೂತಿದ್ದನ್ನು ನಾನು ನೋಡಿದ್ದು ಕಡಿಮೆ. ಬೆಳಗಿನ ಕಾಫಿ ನಿಂತೇ ಕುಡಿಯುತ್ತಾಳೆ, ಅಡುಗೆಮನೆ ಕಟ್ಟೆಗೆ ಸೊಂಟ ಆನಿಸಿಕೊಂಡು. ಊಟವೂ ಅರ್ಧ ಹಾಗೇ. ಫೋನ್ ಬಂದರೆ ನಡುಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ನಡುಮನೆಗೆ ಓಡಾಡುತ್ತಾ ಮಾತಾಡುತ್ತಾಳೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆದಮೇಲೆ ಹೀಗಾದಳು ಅಂತ ತುಮಕೂರಿಗೆ ಕೊಟ್ಟಿರುವ ನಮ್ಮ ಮಗಳು ಅಂದುಕೊಂಡಿದ್ದಾಳೆ. ಮದುವೆಯಾದ ಹೊಸದರಲ್ಲೂ ಹೀಗೇ ಇದ್ದಳು.

ನನ್ನದು ಉಲ್ಟಾ. ಆರ್.ಟಿ. ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಅಂಗಡಿ, ಫೋಟೊಗಳಿಗೆ ಕಟ್ಟು ಹಾಕುವುದು. ದೇವರ ಪಟ, ಮದುವೆ ಫೋಟೊ, ತೀರಿಕೊಂಡವರ ಫೋಟೊ, ಮಕ್ಕಳ ಸರ್ಟಿಫಿಕೇಟು. ಬೆಳಗ್ಗೆ ಸ್ಟೂಲಿನ ಮೇಲೆ ಕೂತರೆ ಮಧ್ಯಾಹ್ನದ ಊಟಕ್ಕೆ ಎದ್ದೆ, ಇಲ್ಲದಿದ್ದರೆ ಇಲ್ಲ. ನಮ್ಮಮ್ಮ ಚಿಕ್ಕಜಾಲದ ಕಡೆಯವಳು, ಆಗ ನಮ್ಮ ಜೊತೆಯಲ್ಲೇ ಇದ್ದಳು. ಬಂದವರಿಗೆಲ್ಲ ಹೇಳುತ್ತಿದ್ದಳು, "ಈ ಮನೇಲಿ ಗಂಡ ಕುಂತಿರ್ತಾನೆ, ಎಂಡ್ತಿ ನಿಂತಿರ್ತಾಳೆ. ಮಲಗಿರೋಳು ನಾನೊಬ್ಳು."

ಹೆಬ್ಬಾಳದಿಂದ ಆಚೆಗೆ ಏರ್‌ಪೋರ್ಟ್ ರಸ್ತೆಯ ಮೇಲೆ ಇನ್ನೊಂದು ರಸ್ತೆ ಕಟ್ಟುತ್ತಿದ್ದ ಕಾಲ ಅದು. ಕಂಬಗಳಿಗೆ ಗುಂಡಿ ತೋಡಿ, ತಗಡು ನಿಲ್ಲಿಸಿ, ಬಸ್ಸುಗಳನ್ನು ಪಕ್ಕದ ಹಳ್ಳ ದಿಣ್ಣೆಗೆ ಇಳಿಸಿದ್ದರು. ನನ್ನ ಹೆಂಡತಿಗೆ ಆ ರೂಟೇ ಬಿದ್ದಿತ್ತು, ಚಿಕ್ಕಜಾಲದ ಕಡೆಯಿಂದ ಯಲಹಂಕದ ಮೇಲೆ ಶಿವಾಜಿನಗರಕ್ಕೆ. ಇಡೀ ದಿನ ಬಸ್ಸು ಕುಲುಕುತ್ತಿತ್ತು, ಇವಳು ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಸಂಜೆ ಬಂದಾಗ ಒಂದು ಕಾಲು ಸ್ವಲ್ಪ ವಾರೆಯಾಗಿ ಊರುತ್ತಿದ್ದರೆ ಬಸ್ಸಿನ ಕುಲುಕಾಟ ಅಂತ ನಾನು ಸುಮ್ಮನಾದೆ. ಕಂಡುಹಿಡಿದವಳು ಅಮ್ಮ. ಅವಳಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕು. ಮಂಚದ ಮೇಲೆ ಮಲಗಿಕೊಂಡೇ ಅಂದಳು, "ಏನ್ಲಾ, ನಿನ್ನ ಎಂಡ್ತಿ ನಡೆಯೋ ಸದ್ದು ಬದಲಾಗೈತೆ. ಒಂದು ಕಾಲು ಕದ್ದು ಇಡ್ತಾವ್ಳೆ."

ಕೇಳಿದರೆ, "ಏನಿಲ್ಲ, ಆಣಿ ಕಣ್ರೀ, ಎಲ್ಲ ಕಂಡಕ್ಟರ್‌ಗೂ ಇರುತ್ತೆ" ಅಂದಳು. ಬಲಗಾಲಿನ ಅಂಗಾಲು, ಹೆಬ್ಬೆರಳಿನ ಬುಡದ ದಪ್ಪ ಭಾಗ. ನಿಂತಾಗ ಮೈಭಾರವೆಲ್ಲ ಬೀಳುವ ಜಾಗ. ತೋರಿಸು ಅಂದರೆ ತೋರಿಸಲಿಲ್ಲ. ಆಣಿ ಅಂತಲೇ ನಂಬಿ, ಡಿಪೋದ ಹೆಂಗಸರ ಕೋಣೆಯಲ್ಲಿ ಹೊಸ ಬ್ಲೇಡು ತಗೊಂಡು ತಾನೇ ಕೊಯ್ದುಕೊಂಡಿದ್ದಳು. ಅದು ಆಮೇಲೆ ಗೊತ್ತಾಯಿತು. ರಕ್ತ ಬಂದು, ಒಣಗಿ, ಮತ್ತೆ ಗಟ್ಟಿಯಾಗಿ, ಪಕ್ಕದಲ್ಲಿ ಸಾಸಿವೆ ಕಾಳಿನ ಹಾಗೆ ಇನ್ನೆರಡು ಎದ್ದವು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಡಿಪೋದಿಂದ ಬಂದವಳು ಬ್ಯಾಗನ್ನು ಗೂಟಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ಓಡಾಡಿದಳು. ಕುಂಟುತ್ತಾ ಓಡಾಡಿದಳು.

"ಏನಾಯ್ತೇ?"

"ಯುಗಾದಿ ಆದ್ಮೇಲೆ ಡ್ಯೂಟಿ ಬದಲಾಗುತ್ತಂತೆ. ನಮ್ಮ ಸಾಹೇಬ್ರು ಕರೆದು, ಅಮ್ಮಾ ನೀವು ಕುಂಟ್ತಾ ಇದೀರ, ಪಾಸ್ ಕೌಂಟರ್‌ಗೆ ಹಾಕಿಸ್ತೀನಿ, ಆರಾಮಾಗಿ ಕೂತ್ಕೊಳ್ಳಿ ಅಂದ್ರು."

"ಒಳ್ಳೇದೇ ಅಲ್ವಾ?"

ಅವಳು ನನ್ನನ್ನು ನೋಡಿದ ರೀತಿಗೆ ನಾನು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟೆ.

"ಒಂದ್ಸಲ ಜ್ವರ ಬಂದಾಗ ಒಂದು ವಾರ ಹಾಕಿದ್ರಲ್ಲ, ಮರೆತ್ರಾ? ಕಿಂಡಿ ಕಣ್ರೀ ಅದು. ಬರೀ ಕೈ ಕಾಣುತ್ತೆ. ಕೈ ಬರುತ್ತೆ, ಪಾಸ್ ಕೊಡು, ಕೈ ಹೋಗುತ್ತೆ. ಮುಖ ನೋಡ್ಬೇಕು ಅಂದ್ರೆ ತಲೆ ಬಗ್ಗಿಸ್ಬೇಕು. ನಾನು ಅಲ್ಲಿ ಕೂತ್ರೆ ಸತ್ತೇ ಹೋಗ್ತೀನಿ."

ಅದು ಬರೀ ಮಾತಲ್ಲ ಅಂತ ನನಗೆ ಗೊತ್ತಿತ್ತು. ಆ ವಾರ ಅವಳು ಊಟ ಸರಿಯಾಗಿ ಮಾಡಿರಲಿಲ್ಲ. ಬಸ್ಸಿನಲ್ಲಾದರೆ ಹುಣಸಮಾರನಹಳ್ಳಿಯಲ್ಲಿ ಹತ್ತುವ ಹೂವಿನ ಬುಟ್ಟಿಯವಳ ಸೊಸೆಯ ಜಗಳದಿಂದ ಹಿಡಿದು, ಯಲಹಂಕದ ಕಾಲೇಜು ಹುಡುಗಿಯರ ಪರೀಕ್ಷೆಯವರೆಗೆ ಅವಳಿಗೆ ಎಲ್ಲ ಬೇಕು. ರಾತ್ರಿ ಊಟಕ್ಕೆ ನಮ್ಮ ತಟ್ಟೆಗೆ ಬೀಳುತ್ತಿದ್ದ ಸಮಾಚಾರವೆಲ್ಲ ಆ ಬಸ್ಸಿನದ್ದೇ. ಯುಗಾದಿಯೊಳಗೆ ಕುಂಟು ಹೋಗಬೇಕು, ಇಲ್ಲದಿದ್ದರೆ ಕಿಂಡಿ. ಇಷ್ಟೇ ವಿಷಯ.

ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚರ್ಮದ ಡಾಕ್ಟ್ರಮ್ಮ, ವಯಸ್ಸು ಚಿಕ್ಕದು, ಮಾತು ಕಡಿಮೆ. ಲೈಟು ಹಾಕಿ ನೋಡಿ, "ಆಣಿ ಅಲ್ಲ ಇದು, ನರಹುಲಿ" ಅಂದರು. ಅಂಗಾಲಲ್ಲೂ ನರಹುಲಿ ಬರುತ್ತಾ ಅಂತ ಇವಳು. ಬರುತ್ತಂತೆ. ಮೈಭಾರ ಬಿದ್ದೂ ಬಿದ್ದೂ ಹೊರಗೆ ಬೆಳೆಯಲಾಗದೆ ಒಳಕ್ಕೆ ಬೆಳೆಯುತ್ತದಂತೆ. ಅಂಗಾಲಿನ ಗೆರೆಗಳು ಅದರ ಅಂಚಿಗೆ ಬಂದು ನಿಂತುಹೋಗಿವೆ, ನಡುವೆ ಕಪ್ಪು ಚುಕ್ಕೆಗಳಿವೆ, ಅದೇ ಗುರುತು ಅಂತ ತೋರಿಸಿದರು. ನಾನು ಬಗ್ಗಿ ನೋಡಲು ಹೋದೆ. ಇವಳು ಕಾಲು ಎಳೆದುಕೊಂಡಳು.

ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿ, ಇಲ್ಲ ಅಂದಮೇಲೆ ಪರೀಕ್ಷೆಯನ್ನೂ ಮಾಡಿಸಿ, ಸ್ಯಾಲಿಸಿಲಿಕ್ ಆ್ಯಸಿಡ್ಡಿನ ಒಂದು ಪುಟ್ಟ ಬಾಟಲಿ ಬರೆದುಕೊಟ್ಟರು. ದಿನಾ ಸಂಜೆ ಬೆಚ್ಚಗಿನ ನೀರಲ್ಲಿ ಕಾಲು ನೆನೆಸಬೇಕು. ಒರೆಸಿ, ಮೆತ್ತಗಾದ ಬಿಳಿ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆಯಬೇಕು. ನರಹುಲಿಯ ಮೇಲೆ ಮಾತ್ರ ಒಂದು ತೊಟ್ಟು ಔಷಧಿ, ಸುತ್ತಲಿನ ಒಳ್ಳೆ ಚರ್ಮಕ್ಕೆ ತಾಗಬಾರದು. ಒಣಗುವವರೆಗೆ ನೆಲಕ್ಕೆ ಕಾಲು ಊರಬಾರದು. "ಎರಡು ಮೂರು ತಿಂಗಳು ಹಿಡೀಬಹುದು. ಅವಸರ ಮಾಡಬೇಡಿ" ಅಂದರು. ಅವಸರ ಮಾಡಬೇಡಿ ಅಂತ ನನ್ನ ಹೆಂಡತಿಗೆ!

ಮೊದಲ ವಾರ ತಾನೇ ಹಚ್ಚಿಕೊಳ್ಳುತ್ತೇನೆ ಅಂದಳು. ನೆಲದ ಮೇಲೆ ಕೂತು ಕಾಲು ಮಡಚಿ ಅಂಗಾಲು ಮೇಲೆ ಮಾಡಿಕೊಳ್ಳಲು ಹೋದರೆ ಮಂಡಿ ಬಗ್ಗುವುದಿಲ್ಲ, ಹೊಟ್ಟೆ ಅಡ್ಡ ಬರುತ್ತದೆ. ಕನ್ನಡಿ ಇಟ್ಟು ನೋಡಿದಳು. ಕನ್ನಡಿಯಲ್ಲಿ ಎಡ ಬಲವಾಗಿ, ಔಷಧಿ ಎಲ್ಲೋ ಬಿದ್ದು, ಬೆರಳ ಸಂದಿಗೆ ಇಳಿಯಿತು. ಮಾರನೇ ದಿನ ನರಹುಲಿ ಗಟ್ಟಿಯಾಗಿ ಹಾಗೇ ಇತ್ತು, ಪಕ್ಕದ ಒಳ್ಳೆ ಚರ್ಮ ಕೆಂಪಗೆ ಸುಲಿದುಕೊಂಡಿತ್ತು. ರಜ ಹಾಕಬೇಕಾಯಿತು. ಅವಳ ಬಸ್ಸಿನ ಡ್ರೈವರ್ ಫೋನ್ ಮಾಡಿ, "ಅಕ್ಕಾ, ಬೇಗ ಬನ್ನಿ. ಈಗ ಹಾಕಿರೋ ಹುಡುಗ ವಿಷಲ್ ಊದೋದಕ್ಕೂ ನನ್ನ ಕೇಳ್ತಾನೆ" ಅಂದ. ಅವಳು ನಕ್ಕಳು. ಫೋನ್ ಇಟ್ಟಮೇಲೆ ಕುಂಟಿಕೊಂಡು ಹಿತ್ತಲಿಗೂ ಬಾಗಿಲಿಗೂ ಓಡಾಡಿದಳು.

"ನಾನು ಹಚ್ತೀನಿ ಬಾರೇ" ಅಂದೆ.

"ನೀವಾ? ಬೇಡಪ್ಪ."

"ಯಾಕೆ?"

"ನೀವು ನನ್ನ ಕಾಲು ಮುಟ್ಟೋದಾ? ಚೆನ್ನಾಗಿರುತ್ತೆ. ನಂಗೆ ಬೇಡ ಆ ಪಾಪ."

ಇದನ್ನು ಈಗಿನವರಿಗೆ ಹೇಳಿದರೆ ನಗುತ್ತಾರೆ. ಸಾವಿರ ಜನರ ನಡುವೆ ನುಗ್ಗಿ, ಗಲಾಟೆ ಮಾಡುವ ಕುಡುಕನನ್ನು ಕುತ್ತಿಗೆ ಪಟ್ಟಿ ಹಿಡಿದು ಇಳಿಸುವ ಹೆಂಗಸು ಅವಳು. ಆದರೆ ಮಲಗಿದ್ದಾಗ ಅವಳ ಕಾಲು ತಪ್ಪಿ ನನಗೆ ತಾಗಿದರೆ ನಿದ್ದೆಗಣ್ಣಲ್ಲೇ ಕೈ ಚಾಚಿ ನನ್ನ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವಳು. ನಾನು ಅವಳ ಪಾದ ಹಿಡಿದದ್ದು ಮದುವೆಯ ದಿನ, ಕಾಲುಂಗುರ ತೊಡಿಸುವಾಗ, ಒಂದೇ ಸಲ. ಅವತ್ತು ಹಿಡಿ ಅಂತ ಪುರೋಹಿತರೇ ಹೇಳಿದ್ದರು. ಈಗ ಹೇಳುವವರು ಯಾರು? ಅಮ್ಮ ಅಂತೂ ಹೇಳುವವಳಲ್ಲ. "ಗಂಡ್ಸು ಎಂಡ್ತಿ ಕಾಲು ಮುಟ್ಟಿದ್ರೆ ಮನೆಗೆ ಏಳ್ಗೆ ಇಲ್ಲ ಕಣ್ಲಾ. ನಮ್ಮೂರ ದೇವ್ರ ಕಲ್ಯಾಣಿಗೆ ಉಪ್ಪು ಬೆಲ್ಲ ಬಿಡ್ಲಿ. ಅದು ಕರಗ್ದಂಗೆ ಇದೂ ಕರಗ್ತದೆ" ಅಂದಳು. ಅದನ್ನೂ ಮಾಡಿದೆವು. ಒಂದು ಭಾನುವಾರ ಹೋಗಿ ಉಪ್ಪು ಬೆಲ್ಲ ಬಿಟ್ಟು ಬಂದೆವು. ಮೆಟ್ಟಿಲು ಇಳಿದು ಹತ್ತುವಷ್ಟರಲ್ಲಿ ಅವಳ ಹಣೆಯೆಲ್ಲ ಬೆವರು.

ನನಗೆ ಅಂಗಡಿಯಲ್ಲಿ ಕೈ ಓಡಲಿಲ್ಲ. ಒಳಗೆ ಅವಳು ಹೆಜ್ಜೆ ಎಳೆಯುವ ಸದ್ದು ಕೇಳುತ್ತಿದ್ದರೆ ಗಾಜು ಕತ್ತರಿಸಲು ಗೆರೆ ನೇರ ಬರುತ್ತಿರಲಿಲ್ಲ. ಅವತ್ತು ಯಾರದೋ ಮನೆಯ ಒಂದು ಚಿಕ್ಕ ಫೋಟೊ ಬಂದಿತ್ತು, ದೊಡ್ಡ ಕಟ್ಟು ಬೇಕು ಅಂದಿದ್ದರು. ಅಂಥದ್ದಕ್ಕೆ ಮೌಂಟ್ ಹಾಕುತ್ತೇವೆ. ದಪ್ಪ ಬಿಳಿ ಹಾಳೆಯ ನಡುವೆ ಫೋಟೊ ಅಳತೆಗೆ ಕಿಟಕಿ ಕೊಯ್ದು, ಮೇಲೆ ಇಡುವುದು. ಆಗ ಬೇಕಾದದ್ದು ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಕೊಯ್ಯುತ್ತಾ ಕೊಯ್ಯುತ್ತಾ ನನಗೆ ಹೊಳೆಯಿತು. ಲ್ಯಾಮಿನೇಷನ್ ಹಾಳೆಯ ತುಂಡು ತಗೊಂಡು, ಅಂಗಾಲಿನ ಆಕಾರಕ್ಕೆ ಕತ್ತರಿಸಿ, ದೊಡ್ಡದಕ್ಕೆ ಒಂದು, ಸಾಸಿವೆ ಕಾಳುಗಳಿಗೆ ಎರಡು ತೂತು ಮಾಡಬೇಕು. ಒಳ್ಳೆ ಚರ್ಮಕ್ಕೆ ಔಷಧಿ ತಾಗುವುದಿಲ್ಲ, ನನ್ನ ಕೈಯೂ ತಾಗುವುದಿಲ್ಲ.

ಅಳತೆ ಬೇಕಲ್ಲ. ನೆನೆಸಿದ ಕಾಲನ್ನು ಹಳೇ ಪೇಪರಿನ ಮೇಲೆ ಊರು ಅಂದೆ. ಊರಿದಳು. ಒದ್ದೆ ಗುರುತಿನಲ್ಲಿ ನರಹುಲಿ ಇದ್ದ ಕಡೆ ಬೇರೆ ಥರದ ಕಲೆ ಬಿತ್ತು. ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡೆ. ಪ್ಲಾಸ್ಟಿಕ್ ಮೌಂಟು ಕೊಯ್ದು, ಅಂಚು ಚುಚ್ಚದ ಹಾಗೆ ತೀಡಿ ಅವಳ ಮುಂದೆ ಹಿಡಿದೆ.

"ಏನ್ರೀ ಇದು?"

"ನಿನ್ನ ಪಾದಕ್ಕೆ ಕಟ್ಟು ಹಾಕ್ತಾ ಇದೀನಿ."

"ಮೊಳೆ ಹೊಡೆದು ಗೋಡೆಗೆ ತೂಗು ಹಾಕ್ಬಿಡಿ, ಅಷ್ಟೇ ಬಾಕಿ" ಅಂದಳು. ಆದರೆ ಕಾಲು ಕೊಟ್ಟಳು. ಮಂಚದ ಅಂಚಿನಲ್ಲಿ ಕೂತು, ಸೀರೆ ಎಳೆದು ಕಣಕಾಲು ಮುಚ್ಚಿಕೊಂಡು, ಅಂಗಾಲು ನನ್ನ ಕಡೆ ಮಾಡಿ ಸ್ಟೂಲಿನ ಮೇಲೆ ಹಿಮ್ಮಡಿ ಊರಿದಳು. ಪಾದದ ಮೇಲ್ಭಾಗಕ್ಕೆ ಒಂದು ಟವೆಲ್ ಹೊದಿಸಿದಳು. ನಾನು ಟವೆಲಿನ ಮೇಲಿಂದ ಹಿಡಿಯಬೇಕು, ಅದು ಒಪ್ಪಂದ. ಕಟ್ಟಿನ ಮರ ತೀಡುವ ಎಮರಿ ಪೇಪರಿನ ಒಂದು ತುಂಡು ಅವಳಿಗೇ ಅಂತ ಬೇರೆ ಇಟ್ಟೆ. ಉಜ್ಜಿ, ಹಾಳೆ ಕೂರಿಸಿ, ಕಡ್ಡಿಯಿಂದ ತೊಟ್ಟು ಔಷಧಿ ಇಟ್ಟೆ. ಹಸಿ ಇದ್ದಾಗ ಮಿಂಚುತ್ತಿತ್ತು, ನೋಡುತ್ತಾ ನೋಡುತ್ತಾ ಬಿಳಿ ಪೊರೆಯಾಯಿತು.

ಔಷಧಿ ಹಾಕುವುದು ಸುಲಭ. ಅದು ಒಣಗುವವರೆಗೆ ಅವಳನ್ನು ಕೂರಿಸುವುದು ಕಷ್ಟ.

"ಆಯ್ತಾ?"

"ಈಗಿನ್ನೂ ಹಾಕಿದೀನಿ."

"ಸಾರು ಕುದೀತಾ ಇದೆ."

"ಆರಿಸಿ ಬಂದಿದೀನಿ."

"ಗೇಟ್ ಸದ್ದಾಯ್ತು ನೋಡಿ."

"ಪಕ್ಕದ ಮನೇದು."

"ಈಗ ಆಯ್ತಾ?"

ಅಮ್ಮ ಮಂಚದಿಂದ, "ಲೇ, ಕಟ್ಟಾಕ್ಲಾ ಅವಳ್ನ" ಅನ್ನುವಳು. ಕಾಲು ಕೊಡುವುದನ್ನು ಒಪ್ಪದಿದ್ದರೂ ಆಟ ನೋಡುವುದನ್ನು ಅಮ್ಮ ಒಂದು ದಿನವೂ ಬಿಡಲಿಲ್ಲ. ನೀರು ಕಾಯುವ ಸದ್ದಿಗೆ ಎದ್ದು ಕೂತುಕೊಳ್ಳುವಳು. "ಎಲ್ಲಾರೂ ಬಂದು ನೋಡ್ರಪ್ಪ, ನನ್ ಮಗ ಎಂಡ್ತಿ ಕಾಲು ಇಡ್ಕಂಡು ಕುಂತವ್ನೆ. ನಿಮ್ಮಪ್ಪ ಇದ್ದಿದ್ರೆ ಊರು ಬಿಟ್ಟು ಓಗೋನು." ಇನ್ನೊಂದು ದಿನ ತನ್ನ ಒಡೆದ ಹಿಮ್ಮಡಿ ಚಾಚಿ, "ನಂಗೂ ಒಸಿ ಆಕ್ಲಾ" ಅಂದಳು.

"ಬೇಡಮ್ಮ. ಸಕ್ಕರೆ ಕಾಯಿಲೆ ಇರೋರು ಮುಟ್ಟಬಾರ್ದು. ಗಾಯ ಆದ್ರೆ ಮಾಯೋದಿಲ್ಲ."

"ಊ ಕಣಪ್ಪ. ಎಂಡ್ತಿಗಾದ್ರೆ ಔಸ್ದಿ, ತಾಯಿಗಾದ್ರೆ ಕಾಯಿಲೆ."

ಅವತ್ತಿನಿಂದ ಬಾಟಲಿಯನ್ನು ಅಂಗಡಿಯ ಗಾಜಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ. ಅಮ್ಮನ ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿದೆ. ಬಾಟಲಿಯದ್ದಲ್ಲ ಅಂತ ಗೊತ್ತಾಗಿ ಎರಡು ದಿನ ಮಾತು ಬಿಟ್ಟಳು.

ಕೆಲವು ವಾರಕ್ಕೆ ಸಾಸಿವೆ ಕಾಳುಗಳು ಹೋದವು. ದೊಡ್ಡದು ಮೇಲೆ ತೆಳುವಾಯಿತು, ಕೆಳಗೆ ಹಾಗೇ ಕೂತಿತ್ತು. ಉಜ್ಜಿದಷ್ಟೂ ಕಪ್ಪು ಚುಕ್ಕೆ. ಇವಳು ಮತ್ತೆ ಡ್ಯೂಟಿಗೆ ಹೋಗಿ ಬರುತ್ತಿದ್ದಳು, ಚಪ್ಪಲಿಯೊಳಗೆ ಸ್ಪಂಜು ಹಾಕಿಕೊಂಡು. ಸಾಹೇಬರು ಇರುವ ಕಡೆ ಕುಂಟದೆ ನಡೆಯಬೇಕು ಅಂತ ಹಲ್ಲು ಕಚ್ಚಿ ನಡೆಯುವಳು, ಮನೆಗೆ ಬಂದು ಗೋಡೆ ಹಿಡಿಯುವಳು. ಮಾವಿನ ಚಿಗುರು ಕಂಡರೆ ನಾನು ದಿನ ಎಣಿಸುತ್ತಿದ್ದೆ. ಯುಗಾದಿ ಹತ್ತಿರ ಬರುತ್ತಿತ್ತಲ್ಲ.

ಒಂದು ಸಂಜೆ ನೋಡಿದರೆ ಅಂಗಾಲು ಹಸಿ ಮಾಂಸದ ಹಾಗೆ ಕೆಂಪಾಗಿತ್ತು. ಬೀರುವಿನ ಬೀಗದ ಕೈ ಎಲ್ಲಿದೆ ಅಂತ ಅಮ್ಮನಿಗೆ ಹೇಳದೆ ಇವಳಿಗೆ ಮಾತ್ರ ಹೇಳಿಟ್ಟಿದ್ದೆ. ಇವಳೇ ಬೆಳಗ್ಗೆ ನಾನು ಏಳುವ ಮೊದಲು ಔಷಧಿ ಸುರಿದುಕೊಂಡಿದ್ದಾಳೆ, ದಿನಕ್ಕೆ ಎರಡು ಸಲ ಹಾಕಿದರೆ ಎರಡರಷ್ಟು ಬೇಗ ಹೋಗುತ್ತೆ ಅಂತ. ಅದೂ ಎಷ್ಟೋ ದಿನದಿಂದ.

"ಡಾಕ್ಟ್ರಮ್ಮ ಏನಂದಿದ್ರು?"

"ಡಾಕ್ಟ್ರಮ್ಮನ್ನ ಯಾರೂ ಕಿಂಡಿಗೆ ಹಾಕ್ತಾ ಇಲ್ವಲ್ಲ" ಅಂದಳು. ಕಣ್ಣಲ್ಲಿ ನೀರು. ನೋವಿಗೋ ಸಿಟ್ಟಿಗೋ, ನಾನು ಕೇಳಲಿಲ್ಲ.

ಫೋನ್ ಮಾಡಿ ಕೇಳಿದೆ. ಕೆಂಪು ಹೋಗಿ ಉರಿ ನಿಲ್ಲುವವರೆಗೆ ಔಷಧಿ ಮುಟ್ಟಬೇಡಿ, ಕೀವು ಕಂಡರೆ ಬನ್ನಿ ಅಂದರು. ಆ ದಿನಗಳು ಕಳೆಯುವುದೇ ಕಷ್ಟವಾಯಿತು. ಸಂಜೆ ನೀರು ಕಾಯಿಸುವ ಹೊತ್ತಿಗೆ ಅವಳು ಬಂದು ಮಂಚದ ಅಂಚಿನಲ್ಲಿ ಕೂತುಬಿಡುವಳು. ನಾನು ಬರೀ ನೋಡುವೆ. ಕೆಂಪು ಎಷ್ಟಿದೆ, ಅಂಚು ಹೇಗಿದೆ. "ಇವತ್ತು ಹಾಕ್ಬಹುದಾ?" "ಇಲ್ಲ." "ಒಂದು ತೊಟ್ಟು?" "ಇಲ್ಲ ಕಣೇ." ಎದ್ದು ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುವಳು. ನನಗೂ ಸ್ಟೂಲಿನ ಮೇಲೆ ಕೂರಲಾಗುತ್ತಿರಲಿಲ್ಲ. ಗಿರಾಕಿ ಜೊತೆ ಮಾತಾಡುತ್ತಾ ಮಾತಾಡುತ್ತಾ ಒಳಗೆ ಹೋಗಿ, ಯಾಕೆ ಹೋದೆ ಅಂತ ಮರೆತು ವಾಪಸು ಬರುತ್ತಿದ್ದೆ.

ಗಾಯ ಆರಿದ ಮೇಲೆ ಮತ್ತೆ ಶುರು ಮಾಡಿದೆವು, ಸಂಜೆ ಒಂದೇ ಸಲ. ತೂತಿನ ಅಳತೆ ಈಗ ಚಿಕ್ಕದಾಗಿತ್ತು, ಹೊಸ ಹಾಳೆ ಕೊಯ್ದೆ. ಅದಾದ ಮೇಲೆ ಇನ್ನೂ ಚಿಕ್ಕದು. ಯುಗಾದಿ ಬಂತು. ಒಬ್ಬಟ್ಟನ್ನೂ ನಿಂತೇ ಬೇಯಿಸಿದಳು, ಎಡಗಾಲಿನ ಮೇಲೆ. ಡ್ಯೂಟಿ ಗೊತ್ತುಮಾಡುವುದು ಹಬ್ಬದ ರಜ ಮುಗಿದ ಮೇಲೆ ಅಂತ ಡ್ರೈವರ್ ಹೇಳಿದ್ದ.

ಹಬ್ಬದ ಮಾರನೇ ದಿನ ನೆನೆಸಿ ಉಜ್ಜಿದಾಗ ಮೇಲಿನ ಬಿಳಿ ಪೊರೆ ಬಟ್ಟಲಿನ ಹಾಗೆ ಇಡಿಯಾಗಿ ಕಳಚಿತು. ಕೆಳಗೆ ಗುಲಾಬಿ ಬಣ್ಣದ ಚರ್ಮ. ಕಪ್ಪು ಚುಕ್ಕೆ ಇದೆಯೋ ಇಲ್ಲವೋ, ಟ್ಯೂಬ್‌ಲೈಟಿನಲ್ಲಿ ಗೊತ್ತಾಗಲಿಲ್ಲ. ಬಾಗಿಲಿನ ಬೆಳಕಿಗೆ ಸ್ಟೂಲು ಸರಿಸಿದೆ. ಗೆರೆಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಗೆ ದಾಟಿವೆ ಅನಿಸಿತು. ಅನಿಸಿದರೆ ಸಾಕೇ? ಗಂಟು ಒಳಗೆ ಉಳಿದಿದ್ದರೆ ನಿಂತಾಗ ಮತ್ತೆ ಚುಚ್ಚುತ್ತದೆ, ಮತ್ತೆ ಕುಂಟು.

"ಬೆರಳಲ್ಲಿ ಒತ್ತಿ ನೋಡ್ಬೇಕು" ಅಂದೆ.

"ಹಾಳೆ ಮೇಲಿಂದ ಒತ್ತಿ."

"ಹಾಳೆ ಮೇಲಿಂದ ಗೊತ್ತಾಗಲ್ಲ."

"ಟವೆಲ್ ಮೇಲಿಂದ?"

"ಗೊತ್ತಾಗಲ್ಲ ಕಣೇ."

ಅಮ್ಮ ಕೂತಿದ್ದ ಕಡೆ ನೋಡಿದಳು. ಅಮ್ಮ ಗೋಡೆ ಕಡೆ ತಿರುಗಿ ಮಲಗಿಕೊಂಡು, "ನಂಗೇನೂ ಕಾಣ್ಸಲ್ಲ ಕಣಮ್ಮಿ, ಕಣ್ಣೇ ಓಗೈತೆ" ಅಂದಳು.

"ಬೇಗ ನೋಡ್ಬಿಡಿ" ಅಂತ ನನ್ನ ಹೆಂಡತಿ ಕಣ್ಣು ಮುಚ್ಚಿದಳು.

ಹೆಬ್ಬೆರಳಿನಿಂದ ಒತ್ತಿದೆ. ಅಂಗಾಲಿನ ಬೇರೆ ಜಾಗವೆಲ್ಲ ಒರಟು, ಬಸ್ಸಿನ ನೆಲ ತುಳಿದೂ ತುಳಿದೂ ದಪ್ಪಗಟ್ಟಿದ ಚರ್ಮ. ಅಲ್ಲಿ ಮಾತ್ರ ಮಗುವಿನ ಕೆನ್ನೆಯ ಹಾಗೆ ಮೆತ್ತಗಿತ್ತು. ಸುತ್ತ ಒತ್ತಿದೆ, ನಡುವೆ ಒತ್ತಿದೆ, ಎರಡು ಬೆರಳಿನಲ್ಲಿ ಹಿಂಡಿದೆ. ಗಂಟು ಸಿಗಲಿಲ್ಲ.

"ನೋವಾ?"

"ಇಲ್ಲ."

"ಈಗ?"

"ಇಲ್ಲಾ ರೀ. ಕಚಗುಳಿ ಆಗುತ್ತೆ, ಬಿಡಿ."

ಬಿಟ್ಟ ತಕ್ಷಣ ಎದ್ದು, ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಸೀದಾ ಅಡುಗೆಮನೆಗೆ ಹೋದಳು. ಅಮ್ಮ ಗೋಡೆಗೆ ಮುಖ ಮಾಡಿಕೊಂಡೇ, "ಸದ್ದು ಸರಿಯಾಗೈತೆ" ಅಂದಳು.

ಡಾಕ್ಟ್ರಮ್ಮನೂ ನೋಡಿ ಹೋಗಿದೆ ಅಂದರು. ಡಿಪೋದಲ್ಲಿ ಸಾಹೇಬರ ಮುಂದೆ ಆ ಗೋಡೆಯಿಂದ ಈ ಗೋಡೆಗೆ ಎರಡು ಸಲ ನಡೆದು ತೋರಿಸಿದಳಂತೆ, ಅವರು ಕೇಳದೆಯೇ. "ಆಯ್ತಮ್ಮಾ, ಆಯ್ತು, ಸಾಕು ನಿಲ್ಲಿಸಿ" ಅಂದರಂತೆ. ಹಳೇ ರೂಟೇ ಸಿಕ್ಕಿತು.

ಮೊದಲ ದಿನ ನನಗೆ ಕೆಲಸ ಹತ್ತಲಿಲ್ಲ. ಮಧ್ಯಾಹ್ನ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ರಶ್ಶಿನಲ್ಲಿ ಎತ್ತುವುದಿಲ್ಲ ಅಂತ ಗೊತ್ತಿದ್ದೂ ಮಾಡಿದೆ. ಸಂಜೆ ಅವಳು ಬರುವ ಹೊತ್ತಿಗೆ ಬೀದಿ ತುದಿಯವರೆಗೆ ಹೋಗಿ ನಿಂತೆ. ಬಸ್ಸಿಂದ ಇಳಿದಳು. ಹೆಜ್ಜೆ ನಿಧಾನ. ಹತ್ತಿರ ಬಂದು ಬ್ಯಾಗ್ ನನ್ನ ಕೈಗೆ ಕೊಟ್ಟಳು. ಕೂದಲೆಲ್ಲ ಧೂಳು, ಬೆವರಿಗೆ ಕುಂಕುಮ ಇಳಿದಿತ್ತು.

"ಕಾಲು ಹೇಗಿದೆ?"

"ಸಿಕ್ಕಾಪಟ್ಟೆ ನೋವು."

ನಾನು ನಿಂತುಬಿಟ್ಟೆ. ಅವಳು ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿದಳು. ಮುಖದ ತುಂಬ ನಗು.

"ಎರಡೂ ಕಾಲು ಕಣ್ರೀ. ಎರಡೂ ಒಂದೇ ಥರ ನೋಯ್ತಾ ಇದೆ."